ಕರಿಯನಿಗೂ ಮಸಿ ಬೇಕಾಯಿತು

ನಾನು ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ವಾರ್ಷಿಕೋತ್ಸವದಲ್ಲಿ ಒಂದು ನಗೆನಾಟಕ ಆಡಿದರು. ಅದರಲ್ಲಿ ಗೌಡನ ಮನೆಯ ಜೀತದಾಳಿನ ಪಾತ್ರ ಒಂದಿತ್ತು. ಅವನ ಹೆಸರು ಬೇರೆ ಏನಿರಲು ಸಾಧ್ಯ? ಕರಿಯ. ಪಾತ್ರ ಮಾಡಿದ ಹುಡುಗ ಕೆಂಪಗಿದ್ದ. ಇದ್ದಿಲು ಅರೆದು, ಎಣ್ಣೆಯಲ್ಲಿ ಕಲಸಿ, ಮುಖಕ್ಕೂ ಕೈಗೂ ಬಳಿದುಕೊಂಡಿದ್ದ. ತೊದಲುತ್ತಾ, ಹಲ್ಲು ಕಿಸಿಯುತ್ತಾ, ತಲೆ ಕೆರೆದುಕೊಳ್ಳುತ್ತಾ ಬಂದ ಕೂಡಲೇ ಸಭೆಯೆಲ್ಲ ಘೊಳ್ಳೆಂದಿತು. ನಾನೂ ನಕ್ಕೆ. ಆ ಭಾನುವಾರ ಊರಿಗೆ ಹೋದಾಗ ಅಪ್ಪನ ಮುಖ ನೋಡೋಕೆ ಆಗಲಿಲ್ಲ.

ಆ ನಗು ನನ್ನ ಬಾಯಿಗೆ ಹೇಗೆ ಬಂತು ಅನ್ನುವ ಪ್ರಶ್ನೆಯೇ ನನ್ನನ್ನು ಅಮೆರಿಕದ ರಂಗಭೂಮಿಯ ಚರಿತ್ರೆಗೆ ಕರೆದೊಯ್ದಿತು. ಅಷ್ಟು ದೂರ ಯಾಕೆ ಅಂತ ಗೆಳೆಯರು ಕೇಳುತ್ತಾರೆ. ದೂರವೇನಲ್ಲ. ಫುಲೆಯವರು 1873ರಲ್ಲಿ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಬಾಬಾಸಾಹೇಬರು 1946ರಲ್ಲಿ ಕಪ್ಪುಜನರ ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂಬ ಹೆಸರನ್ನು ಅಲ್ಲಿಂದಲೇ ತಂದರು. ಅವರ ಹೋರಾಟದ ಚರಿತ್ರೆಯನ್ನು ನಾವು ಓದಿಕೊಂಡಿದ್ದೇವೆ. ಅವರನ್ನು ನೋಡಿ ಲೋಕ ನಕ್ಕ ನಗುವಿನ ಚರಿತ್ರೆಯನ್ನು ಓದಿಲ್ಲ.

ಆ ಚರಿತ್ರೆ ನಗುವಿನಿಂದ ಶುರುವಾಗುವುದಿಲ್ಲ, ರಾಜನ ಪಾತ್ರದಿಂದ ಶುರುವಾಗುತ್ತದೆ. 1821ರಲ್ಲಿ ವಿಲಿಯಂ ಬ್ರೌನ್ ಎಂಬ ಕಪ್ಪು ಮನುಷ್ಯ ನ್ಯೂಯಾರ್ಕಿನಲ್ಲಿ ಒಂದು ನಾಟಕಶಾಲೆ ಕಟ್ಟಿದ. ಅದಕ್ಕೆ ಆಫ್ರಿಕನ್ ಗ್ರೋವ್ ಅಂತ ಹೆಸರು. ಆ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ರದ್ದಾದದ್ದು 1827ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಜೇಮ್ಸ್ ಹ್ಯೂಲೆಟ್ ಎಂಬ ಕಪ್ಪು ನಟ ಅಲ್ಲಿ ಷೇಕ್ಸ್‌ಪಿಯರನ ಮೂರನೆಯ ರಿಚರ್ಡ್ ಆಗಿ ನಿಂತ. ಬಿಳಿಯರಿಗೆ ಬೇರೆ ಜಾಗ ಮಾಡಬೇಕಾಯಿತು, ಯಾಕೆಂದರೆ ಸಭ್ಯರ ನಡುವೆ ಕೂರುವ ರೀತಿ ಅವರಿಗೆ ಗೊತ್ತಿರಲಿಲ್ಲ. ಇದು ನನ್ನ ವ್ಯಂಗ್ಯವಲ್ಲ, ನಾಟಕಶಾಲೆಯವರೇ ಅಚ್ಚು ಹಾಕಿಸಿ ಹಂಚಿದ ಮಾತಿನ ತಿರುಳು. 1822ರಲ್ಲಿ ಪೊಲೀಸರು ಆಟದ ನಡುವೆಯೇ ನಟರನ್ನು ಹಿಡಿದೊಯ್ದರು. ಇನ್ನು ಮೇಲೆ ಷೇಕ್ಸ್‌ಪಿಯರನ ತಂಟೆಗೆ ಹೋಗುವುದಿಲ್ಲ ಎಂದು ಮಾತು ಕೊಡಿಸಿಕೊಂಡು ಬಿಟ್ಟರೆಂದು ಆಗಿನ ಪತ್ರಿಕೆಯೊಂದು ಗೇಲಿ ಮಾಡಿ ಬರೆಯಿತು. ಪುಂಡರು ನುಗ್ಗಿ ಒಡೆದು ಹಾಕಿದರು. 1823ರಲ್ಲಿ ಅಲ್ಲಿ ಆಡಿದ 'ಕಿಂಗ್ ಷಾಟವೇ' ಎಂಬ ನಾಟಕದಲ್ಲಿ ಸೇಂಟ್ ವಿನ್ಸೆಂಟ್ ದ್ವೀಪದ ಕಪ್ಪುಜನರ ದಂಗೆಯ ಕಥೆಯಿತ್ತು. ಅದರ ಪಠ್ಯ ಇವತ್ತು ಉಳಿದಿಲ್ಲ. ನ್ಯೂಯಾರ್ಕಿನ ಇನ್ನೊಬ್ಬ ಹುಡುಗ ಐರಾ ಆಲ್ಡ್ರಿಜ್ ಊರು ಬಿಟ್ಟು ಹೋಗಿ, 1833ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಒಥೆಲೋ ಆದ. ತವರಿನ ರಂಗದ ಮೇಲೆ ಅವನಿಗೆ ಜಾಗ ಸಿಗಲಿಲ್ಲ.

ಹೀಗೆ ತೆರವಾದ ಜಾಗಕ್ಕೆ ಮಸಿ ಬಂತು. 1830ರ ಆಸುಪಾಸಿನಲ್ಲಿ ಥಾಮಸ್ ರೈಸ್ ಎಂಬ ಬಿಳಿ ನಟ ಮುಖಕ್ಕೆ ಮಸಿ ಹಚ್ಚಿ, ಚಿಂದಿ ತೊಟ್ಟು, ಜಿಮ್ ಕ್ರೋ ಎಂಬ ಕರಿಯನಾಗಿ ಕುಣಿದ. 1843ರಲ್ಲಿ ನ್ಯೂಯಾರ್ಕಿನಲ್ಲಿ ನಾಲ್ವರು ಬಿಳಿಯರು ವರ್ಜೀನಿಯಾ ಮಿನ್‌ಸ್ಟ್ರೆಲ್ಸ್ ಎಂಬ ಮೇಳ ಕಟ್ಟಿದರು. ಮುಂದಿನ ಐವತ್ತು ವರ್ಷ ಅಮೆರಿಕದ ಜನಪ್ರಿಯ ಮನರಂಜನೆ ಅಂದರೆ ಮಿನ್‌ಸ್ಟ್ರೆಲ್ ಷೋ ಎಂಬಂತಾಯಿತು. ಸೀಸೆಯ ಬೆಂಡಿನ ಬಿರಡೆ ಸುಟ್ಟು, ಮಸಿಯನ್ನು ನೀರಲ್ಲಿ ಕಲಸಿ ಹಚ್ಚುತ್ತಿದ್ದರು. ತುಟಿಯ ಸುತ್ತ ಅಗಲವಾಗಿ ಬಣ್ಣ. ಅರ್ಧಚಂದ್ರಾಕಾರವಾಗಿ ಕುರ್ಚಿಗಳು. ನಡುವೆ ಗಂಭೀರವಾಗಿ ಮಾತಾಡುವ ಯಜಮಾನ. ಎರಡು ತುದಿಗಳಲ್ಲಿ ಟ್ಯಾಂಬೊ ಮತ್ತು ಬೋನ್ಸ್ ಎಂಬ ಇಬ್ಬರು ಕೋಡಂಗಿಗಳು. ಆಮೇಲೆ ಬಿಡಿಬಿಡಿ ಆಟಗಳು, ಕೊನೆಗೆ ತೋಟದ ಬದುಕಿನ ಒಂದು ದೃಶ್ಯ. ಆ ತೋಟದಲ್ಲಿ ಚಾಟಿ ಇರಲಿಲ್ಲ. ಗುಲಾಮರು ಹಾಡಿಕೊಂಡು ಸುಖವಾಗಿದ್ದರು!

ಅವರು ನುಡಿಸಿದ ಬ್ಯಾಂಜೊ ಆಫ್ರಿಕಾದಿಂದ ಹಿಡಿದು ತಂದ ಜನರ ವಾದ್ಯ. ಕುಣಿತದ ಬೇರೂ ಅಲ್ಲಿನದೇ. ಕಲೆ ಬೇಕು, ಕಲಾವಿದ ಬೇಡ. ತಮಟೆ ಸದ್ದು ಬೇಕು, ಬಡಿಯೋನು ಮಾತ್ರ ದೂರ ನಿಲ್ಲಬೇಕು ಅನ್ನುವವರ ನಡುವೆ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಕ್ಕವರು ಯಾರು? ಬರೀ ಗುಲಾಮರ ಒಡೆಯರಲ್ಲ. ಉತ್ತರದ ನಗರಗಳ ಬಿಳಿ ಕೂಲಿಗಳು, ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಬಡವರು. ತಮ್ಮನ್ನು ಕೀಳಾಗಿ ಕಾಣುವ ಊರಿನಲ್ಲಿ, ತಮಗಿಂತ ಕೆಳಗೆ ಒಬ್ಬ ಇದ್ದಾನೆ ಎಂಬ ಸಮಾಧಾನವನ್ನು ಅವರು ಟಿಕೆಟ್ ಕೊಟ್ಟು ಕೊಳ್ಳುತ್ತಿದ್ದರು. ಅಂಬೇಡ್ಕರರು ಹೇಳಿದ ಶ್ರೇಣೀಕೃತ ಅಸಮಾನತೆ ಜಾತಿಯ ಮಾತು, ಅದನ್ನು ಹಾಗೇ ಎತ್ತಿ ಅಲ್ಲಿಗೆ ಹಚ್ಚಲಾಗದು. ಆದರೆ ಮೆಟ್ಟಿಲಿನ ಮೇಲೆ ನಿಂತವನಿಗೆ ಕೆಳಗಿನ ಮೆಟ್ಟಿಲು ಯಾಕೆ ಬೇಕು ಎಂಬುದು ಎರಡೂ ಕಡೆ ಒಂದೇ. ಕಡೆಗೆ ಈ ಕುಣಿತದ ಹೆಸರೇ ಕಾನೂನಿನ ಹೆಸರಾಯಿತು. ರೈಲಿನಲ್ಲಿ, ಶಾಲೆಯಲ್ಲಿ, ನೀರಿನ ನಲ್ಲಿಯಲ್ಲಿ ಕಪ್ಪುಜನರನ್ನು ಬೇರೆ ಇಟ್ಟ ಕಾಯಿದೆಗಳನ್ನು ಜನ ಜಿಮ್ ಕ್ರೋ ಕಾಯಿದೆಗಳೆಂದೇ ಕರೆದರು. 1896ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಈ ಬೇರ್ಪಡಿಕೆಗೆ ಮುದ್ರೆ ಒತ್ತಿತು. 'ತಮಾಷೆಗೆ ಅಂದಿದ್ದು ಬಿಡ್ರೀ' ಅನ್ನುವವರು ಈ ಪ್ರಯಾಣವನ್ನು ನೆನಪಿಡಬೇಕು.

ಇಲ್ಲಿಂದ ಮುಂದಿನ ಕಥೆ ಕಷ್ಟದ್ದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ನಾಯಕನಾದ ಫ್ರೆಡರಿಕ್ ಡಗ್ಲಸ್ 1848ರಲ್ಲಿ ಮಸಿ ಹಚ್ಚಿದ ಬಿಳಿಯರನ್ನು ತನ್ನ ಪತ್ರಿಕೆಯಲ್ಲಿ ಕಟುವಾಗಿ ಬಯ್ದ. ಮರುವರ್ಷ ಕಪ್ಪುಜನರದೇ ಒಂದು ಮೇಳ ನೋಡಿದಾಗ ಮಾತ್ರ ತಡವರಿಸಿದ. ಅವರೂ ಉತ್ಪ್ರೇಕ್ಷೆ ಮಾಡುತ್ತಿದ್ದಾರೆ ಎಂದು ಬೇಸರಪಟ್ಟ. ಆದರೂ ಕಪ್ಪು ಮನುಷ್ಯ ಯಾವುದೋ ಒಂದು ರೂಪದಲ್ಲಿ ಬಿಳಿಯರೆದುರು ರಂಗದ ಮೇಲೆ ನಿಂತಿದ್ದೂ ಒಂದು ಗಳಿಕೆಯೇ ಎಂದ. ಈ ತಡವರಿಕೆಯನ್ನು ನಾನು ದೌರ್ಬಲ್ಯ ಅನ್ನಲಾರೆ. ಅದೇ ವಿಮರ್ಶೆ.

ಈ ತಡವರಿಕೆಯ ಮುಂದೆ ಬರ್ಟ್ ವಿಲಿಯಮ್ಸ್‌ನನ್ನು ನಿಲ್ಲಿಸಿ ನೋಡಿ. ಬಹಾಮಾ ದ್ವೀಪದಲ್ಲಿ 1874ರಲ್ಲಿ ಹುಟ್ಟಿದವನು, ತಿಳಿಬಣ್ಣದ ಕಪ್ಪು ಮನುಷ್ಯ. ಗೆಳೆಯ ಜಾರ್ಜ್ ವಾಕರ್ ಜೊತೆ ರಂಗಕ್ಕೆ ಬರುವ ಹೊತ್ತಿಗೆ, 'ಕರಿಯ' ಹೇಗಿರಬೇಕೆಂದು ಬಿಳಿಯರು ತೀರ್ಮಾನ ಮಾಡಿಬಿಟ್ಟಿದ್ದರು. ನಿಜವಾದ ಕರಿಯ ಅವರ ಅಳತೆಗೆ ಸಾಲುತ್ತಿರಲಿಲ್ಲ! ಇಬ್ಬರೂ ತಮ್ಮನ್ನು 'ಅಸಲಿ ಕೂನ್‌ಗಳು' ಎಂದು ಜಾಹೀರು ಮಾಡಿಕೊಂಡರು. ಕೂನ್ ಎಂಬುದು ನಮ್ಮಲ್ಲಿ ಜಾತಿ ಹಿಡಿದು ಬಯ್ಯುವಂಥ ಮಾತು. ವಿಲಿಯಮ್ಸ್ ತನ್ನ ಬಣ್ಣದ ಮೇಲೆ ಸುಟ್ಟ ಬಿರಡೆಯ ಮಸಿ ಬಳಿದುಕೊಂಡ. 1903ರಲ್ಲಿ ಇವರ 'ಇನ್ ದಹೋಮಿ' ಬ್ರಾಡ್‌ವೇಯ ದೊಡ್ಡ ರಂಗಮಂದಿರವನ್ನು ಹೊಕ್ಕಿತು. ಬರೆದವರು, ಸಂಗೀತ ಕೊಟ್ಟವರು, ಆಡಿದವರು ಎಲ್ಲರೂ ಕಪ್ಪುಜನ. ನೋಡಲು ಬಂದ ಕಪ್ಪುಜನರಿಗೆ ಮಾತ್ರ ಮೇಲಿನ ಬಾಲ್ಕನಿ. ಆ ವರ್ಷವೇ ಅದು ಲಂಡನ್ನಿನ ಅರಮನೆಯಲ್ಲೂ ಪ್ರದರ್ಶನವಾಯಿತು. 1910ರಿಂದ ವಿಲಿಯಮ್ಸ್ ಬಿಳಿಯರ ನಡುವೆ ಜೀಗ್‌ಫೆಲ್ಡ್ ಫಾಲೀಸ್‌ನ ತಾರೆಯಾದ. ಬಾಬಾಸಾಹೇಬರು 1913ರಿಂದ 1916ರವರೆಗೆ ಅದೇ ನಗರದ ಕೊಲಂಬಿಯಾದಲ್ಲಿ ಓದುತ್ತಿದ್ದರು. ಅವರು ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದ ದಿನಗಳಲ್ಲೇ, ಕೆಲವೇ ಮೈಲಿ ಆಚೆ, ಅಮೆರಿಕದ ಅತಿ ದೊಡ್ಡ ಹಾಸ್ಯನಟರಲ್ಲೊಬ್ಬ ತನ್ನ ಮುಖವನ್ನು ತಾನೇ ಅಳಿಸಿಕೊಳ್ಳುತ್ತಿದ್ದ. 1922ರಲ್ಲಿ, ನಲವತ್ತೇಳರ ಪ್ರಾಯದಲ್ಲಿ, ಅವನು ತೀರಿಹೋದ.

ಸಂಘಟನೆಯ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. 'ನೀನೇನೇ ಹೇಳು ತಮ್ಮ, ಹೊಟ್ಟೆಪಾಡಿಗೆ ತನ್ನ ಜನದ ಮಾನ ಮಾರ್ಕೊಂಡೋನು ಅವನು' ಅಂದರು. 'ಅಲ್ಲಣ್ಣ, ಮಸಿ ಬಳಿಯದೆ ಬಾಗಿಲೇ ತೆಗೀದಿದ್ರೆ ಏನು ಮಾಡ್ಬೇಕಿತ್ತು?' ಅಂದೆ. 'ಬಾಗಿಲು ಒದೀಬೇಕಿತ್ತು' ಅಂದರು. ಅವರ ಮಾತು ಸುಳ್ಳಲ್ಲ. ಆದರೆ ಒದೆಯಲು ಹೋದ ಬ್ರೌನ್ ಏನಾದ ಎಂಬುದನ್ನೂ ನೋಡಿದ್ದೇವೆ. ವಿಲಿಯಮ್ಸ್‌ನನ್ನು ಗುಲಾಮ ಅಂದುಬಿಟ್ಟರೆ ಬಾಗಿಲ ಒಡೆಯನನ್ನು ಕೇಳುವ ಪ್ರಶ್ನೆ ತಪ್ಪಿಹೋಗುತ್ತದೆ. ಪಾತ್ರ ಚೆನ್ನಾಗಿ ಮಾಡಿದನೇ ಎಂದು ಕೇಳುವುದು ರಸವಿಮರ್ಶೆ. ಮಸಿಯ ಬಟ್ಟಲು ಯಾರ ಕೈಯಲ್ಲಿತ್ತು ಎಂದು ಕೇಳುವುದು ನಮ್ಮ ವಿಮರ್ಶೆ ಆಗಬೇಕು.

ಈ ಪ್ರಶ್ನೆ ನನ್ನ ಮೇಲೂ ತಿರುಗುತ್ತದೆ. ನಮ್ಮಪ್ಪ ನಮ್ಮ ಕೇರಿಯವರು ಆಡುವ 'ಕುರುಕ್ಷೇತ್ರ'ದಲ್ಲಿ ದುರ್ಯೋಧನ. ಹಗಲು ಗೌಡರ ಗದ್ದೆ, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂದಪದ್ಯ. ಅದರ ಮೇಲೆ ಒಂದು ಕಥೆ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದೆ. ಸಂಪಾದಕರು ಫೋನ್ ಮಾಡಿ, 'ಚೆನ್ನಾಗಿದೆ, ಆದ್ರೆ ನಿಮ್ಮವರ ಬದುಕಿನ ಕಸುವು ಸಾಲದು, ಇನ್ನೂ ಹಸಿಹಸಿಯಾಗಿ ಬರಲಿ' ಅಂದರು. ನನಗೆ ಅರ್ಥವಾಯಿತು. ಒಂದು ಸಾರಾಯಿ ಅಂಗಡಿ ಹಾಕಿದೆ, ನಾಲ್ಕು ಬೈಗುಳ ಹಾಕಿದೆ, ದುರ್ಯೋಧನ ಕುಡಿದು ತೂರಾಡುತ್ತಾ ರಂಗ ಹತ್ತುವ ಹಾಗೆ ಮಾಡಿದೆ. ಅಚ್ಚಾಯಿತು. 'ದಟ್ಟ ದಲಿತ ಸಂವೇದನೆ' ಅಂತ ಕಾಗದಗಳೂ ಬಂದವು. ತಂಗಿ ಅದನ್ನು ಅಪ್ಪನಿಗೆ ಓದಿ ಹೇಳಿದಳು. ಅಪ್ಪ ಕೇಳಿದ್ದು ಇಷ್ಟೇ: 'ನಾನ್ ಯಾವತ್ತಪ್ಪ ಕುಡ್ದು ಸ್ಟೇಜ್ ಹತ್ತಿದ್ದು?'

ಬಡತನ, ಸಾರಾಯಿ, ಬೈಗುಳ ನಮ್ಮ ಬದುಕಿನಲ್ಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅವನ್ನು ಬರೆದೇ ನಮ್ಮ ಹಿರಿಯರು ಕನ್ನಡದ ಮಡಿ ಮುರಿದದ್ದು. ಆದರೆ ನಮ್ಮ ಒಳಗಿನ ಒತ್ತಡದಿಂದ ಬಂದದ್ದು ಬೇರೆ, ಬೇರೆಯವರು ಬಟ್ಟಲು ಹಿಡಿದು ಬಳಿದುಕೋ ಎಂದದ್ದು ಬೇರೆ.

ಮಸಿಯನ್ನು ತಿರುಗಿಸಿದವರೂ ಇದ್ದಾರೆ. 1965ರಲ್ಲಿ ಡಗ್ಲಸ್ ಟರ್ನರ್ ವಾರ್ಡ್ ಎಂಬ ಕಪ್ಪು ನಾಟಕಕಾರ 'ಡೇ ಆಫ್ ಆಬ್ಸೆನ್ಸ್' ಬರೆದ. ದಕ್ಷಿಣದ ಒಂದು ಊರಿನಲ್ಲಿ ಬೆಳಗಾಗೆದ್ದು ನೋಡಿದರೆ ಕಪ್ಪುಜನ ಒಬ್ಬರೂ ಇಲ್ಲ. ಮಗುವಿನ ಬಟ್ಟೆ ಬದಲಿಸುವವರಿಲ್ಲ, ಕಸ ಎತ್ತುವವರಿಲ್ಲ, ಊರು ನಾರುತ್ತದೆ. ಮೇಯರ್ ಟೀವಿಯಲ್ಲಿ ಬಂದು ವಾಪಸು ಬನ್ನಿ ಅಂತ ಗೋಗರೆಯುತ್ತಾನೆ. ಆ ಬಿಳಿಯರ ಪಾತ್ರಗಳನ್ನೆಲ್ಲ ಆಡಿದ್ದು ಕಪ್ಪು ನಟರು, ಮುಖಕ್ಕೆ ಬಿಳಿ ಬಣ್ಣ ಹಚ್ಚಿಕೊಂಡು. ಈ ಸಲ ನಗು ಕೆಳಗಿನಿಂದ ಮೇಲಕ್ಕೆ ಹೋಯಿತು. ಇದನ್ನು ಪಾಠದ ನಡುವೆ ಹೇಳಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಜೋರಾಗಿ ನಕ್ಕ. ಅವನ ತಾಯಿ ಪಟ್ಟಣದಲ್ಲಿ ಬೀದಿ ಗುಡಿಸುತ್ತಾರೆ. ಆ ನಗುವಿನಲ್ಲಿ ನನಗೆ ನಾಚಿಕೆ ಕಾಣಲಿಲ್ಲ.

ಅಪ್ಪನ ಕಥೆಯನ್ನು ಮತ್ತೆ ಬರೆಯುತ್ತಿದ್ದೇನೆ. ಸಾರಾಯಿ ಅಂಗಡಿ ತೆಗೆದಿದ್ದೇನೆ. ಈ ಸಲ ಮೊದಲು ಅಪ್ಪನಿಗೆ ಓದಿ ಹೇಳಬೇಕು.