ಅದ್ದಿದ ಭಕ್ತಿ, ಅಳವಟ್ಟ ಭಕ್ತಿ

ವಚನಗಳು ಇಂಗ್ಲಿಷಿಗೆ ಹೋದದ್ದು ಇಂದು ನಿನ್ನೆಯ ಮಾತಲ್ಲ. ಫ. ಗು. ಹಳಕಟ್ಟಿಯವರ ಅನುವಾದಗಳು 1922ರಷ್ಟು ಹಿಂದೆಯೇ ಅಚ್ಚಾದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರ ವರೆಗೆ ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಹೊರತಂದಿತು, 1973ರಲ್ಲಿ ಎ. ಕೆ. ರಾಮಾನುಜನ್ನರ ‘ಸ್ಪೀಕಿಂಗ್ ಆಫ್ ಶಿವ’ ಬಂದಿತು. ಈ ಮಹನೀಯರ ಉಪಕಾರ ದೊಡ್ಡದು. ಆದರೆ ಇಂಗ್ಲಿಷಿನಲ್ಲಿ ವಚನಗಳನ್ನು ಓದಿ ಕನ್ನಡದಲ್ಲಿ ಬರೆಯುವ ರೂಢಿಯಿಂದ ಕೆಲವು ಪರನುಡಿಗಳು ನಮ್ಮ ವಿಮರ್ಶೆಯಲ್ಲಿ ನೆಲೆಸಿವೆ. ‘ಸ್ಟೀಪ್ಡ್ ಇನ್ ಡಿವೋಷನ್’ ಎಂಬುದು ಅವುಗಳಲ್ಲಿ ಒಂದು. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಇದು ‘ಭಕ್ತಿಯಲ್ಲಿ ಅದ್ದಿದ’ ಎಂದೋ ‘ಭಕ್ತಿಯ ತೀವ್ರ ಪ್ರಭಾವಕ್ಕೆ ಒಳಗಾದ’ ಎಂದೋ ಕಾಣಿಸಿಕೊಳ್ಳುತ್ತದೆ.

ಆ ಇಂಗ್ಲಿಷ್ ಪದದ ಮೂಲಾರ್ಥ ನೀರಿನಲ್ಲಿ ನೆನೆಹಾಕುವುದು. ಬಟ್ಟೆಯನ್ನು ಬಣ್ಣದಲ್ಲಿ ಅದ್ದಿದರೆ ಬಣ್ಣ ಹತ್ತುತ್ತದೆ; ಬಟ್ಟೆ ಏನೂ ಮಾಡಬೇಕಾಗಿಲ್ಲ. ಲಿಂಗಪೂಜೆಯ ಮನೆಯಲ್ಲಿ ಬೆಳೆದ ಮಗುವಿಗೆ ಈ ಮಾತು ಒಪ್ಪೀತು. ಶರಣರಿಗೆ ಒಪ್ಪದು. (ಹತ್ತಿಸಿದ ಬಣ್ಣ ಮಡಿವಾಳ ಮಾಚಿದೇವರ ಕಲ್ಲಿಗೆ ತಾಳೀತೆ ಎಂಬುದು ಬೇರೆ ಪ್ರಶ್ನೆ!)

‘ಪ್ರಭಾವ’ವೆಂಬ ಶಬ್ದವನ್ನೂ ವಿಚಾರಿಸಬೇಕು. ಸಂಸ್ಕೃತದಲ್ಲಿ ಅದಕ್ಕೆ ಮಹಿಮೆ, ಸಾಮರ್ಥ್ಯ ಎಂಬ ಅರ್ಥಗಳುಂಟು. ಅದು ಉಳ್ಳವನ ಗುಣ. ನಾವು ‘ಒಳಗಾಗು’ ಎಂಬ ಕ್ರಿಯೆಯನ್ನು ಜೋಡಿಸಿ ಅದನ್ನು ಹೊರಗಿನಿಂದ ಬಂದೆರಗುವ ವಸ್ತುವಾಗಿಸಿದ್ದೇವೆ. ಅಕ್ಕಮಹಾದೇವಿ ಭಕ್ತಿಯ ಪ್ರಭಾವಕ್ಕೆ ಒಳಗಾದವಳಷ್ಟೇ ಆಗಿದ್ದರೆ, ಅಲ್ಲಮಪ್ರಭುಗಳು ಒಡ್ಡಿದ ಪ್ರಶ್ನೆಗಳ ಮುಂದೆ ಅಷ್ಟು ದಿಟ್ಟವಾಗಿ ನಿಂತು ಉತ್ತರಿಸಿದವರಾರು? ಶೂನ್ಯಸಂಪಾದನೆಯ ಆ ಪ್ರಸಂಗವನ್ನು ಓದಿದವರು ಹಾಗೆ ಬರೆಯಲಾರರು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇನ್ನೂ ಸ್ಪಷ್ಟ. ಪತಿ ಮಾರಯ್ಯ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದು ಆಸೆಯೆಂದು ಕಂಡು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದವಳು ಆಕೆ. ಇಲ್ಲಿರುವುದು ಮಿಂದು ಮೈಮರೆತ ಸ್ಥಿತಿಯಲ್ಲ; ಬೊಗಸೆ ಅಕ್ಕಿಯ ಲೆಕ್ಕವನ್ನೂ ಬಿಡದ ಎಚ್ಚರ. ಕಾಯಕದಲ್ಲಿ ಅಳವಟ್ಟ ಭಕ್ತಿಯೆಂದರೆ ಇದು. ‘ಪ್ರಭಾವ’ವೆಂದು ಬರೆದೊಡನೆ ಲಕ್ಕಮ್ಮನ ವಿವೇಕ ಕಣ್ಮರೆಯಾಗುತ್ತದೆ.

ಇನ್ನು ಷಟ್‌ಸ್ಥಲದ ಕೊನೆಯ ಐಕ್ಯಕ್ಕಂತೂ ‘ಅದ್ದುವ’ ಮಾತು ಸಲ್ಲುವುದೇ ಇಲ್ಲ. ಎಷ್ಟು ನೆನೆದರೂ ಬಟ್ಟೆ ಬಟ್ಟೆಯೇ, ನೀರು ನೀರೇ. ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟವನ್ನು ಹತ್ತಿದವರಿಗೆ ಈ ಭೇದ ಕಣ್ಣಿಗೇ ಕಾಣುತ್ತದೆ. ಬೆಟ್ಟದ ಮಗ್ಗುಲಲ್ಲಿ ಹರಿಯುವ ಲೋಕಪಾವನಿ ಅಲ್ಲಿಯೇ ಸಮೀಪದಲ್ಲಿ ಕಾವೇರಿಯನ್ನು ಕೂಡುತ್ತದೆ. ಕೂಡಿದ ಮೇಲೆ ಲೋಕಪಾವನಿ ಕಾವೇರಿಯ ಪ್ರಭಾವಕ್ಕೆ ಒಳಗಾಯಿತೆಂದು ಯಾರಾದರೂ ಹೇಳುವರೆ? ಬೆಟ್ಟದ ಮೇಲಿರುವವನು ವೆಂಕಟರಮಣನಾದರೇನು, ನೀರು ಹೇಳುವುದು ಸಮರಸವನ್ನೇ. ಕೃಷ್ಣೆ ಮಲಪ್ರಭೆಗಳು ಕೂಡುವ ಸ್ಥಳದ ದೈವವನ್ನೇ ಬಸವಣ್ಣನವರು ತಮ್ಮ ಅಂಕಿತವಾಗಿಸಿಕೊಂಡುದು ಇಲ್ಲಿ ನೆನಪಾಗದಿರದು.

ಇಂಗ್ಲಿಷಿನಲ್ಲಿ ಬರೆಯುವವರು ಆ ನುಡಿಗಟ್ಟನ್ನು ಬಳಸಿಕೊಳ್ಳಲಿ. ಅವರಿಗೆ ಬೇರೆ ದಾರಿ ಕಡಿಮೆ. ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗೆ ಭರಿತ, ಅಳವಟ್ಟ, ಸಮರಸ ಎಂಬ ಮಾತುಗಳು ವಚನಕಾರರ ಕೈಯಿಂದಲೇ ದೊರೆತಿವೆ. ಯಾವ ಶರಣರಿಗೆ, ಯಾವ ಸ್ಥಲದಲ್ಲಿ, ಯಾವುದು ಒಪ್ಪುವುದೆಂದು ಆತ ನೋಡಿಕೊಳ್ಳಬೇಕಷ್ಟೆ.