ಮೂವತ್ತಾರನೆಯವನು

ಜಾವಗಲ್ ಎಂದರೆ ನಾಡಿಗೆ ಮೊದಲು ನೆನಪಾಗುವುದು ಅಲ್ಲಿನ ಲಕ್ಷ್ಮೀನರಸಿಂಹನ ಹೊಯ್ಸಳ ಗುಡಿಯಲ್ಲ, ಕ್ರಿಕೆಟ್ ವೇಗಿ ಶ್ರೀನಾಥ್. ಅವರು ಹುಟ್ಟಿದ್ದು ಮೈಸೂರಿನಲ್ಲಾದರೂ ಹೆಸರಿನ ಮುಂದೆ ಊರನ್ನು ಪೂರ್ತಿಯಾಗಿ ಇಟ್ಟುಕೊಂಡರು. ಹಾಗಾಗಿ ಅರಸೀಕೆರೆ ತಾಲ್ಲೂಕಿನ ಈ ಊರು ಜಗತ್ತಿನ ಸ್ಕೋರ್‌ಬೋರ್ಡುಗಳಿಗೆ ಹತ್ತಿತು. ಇನ್ನೊಬ್ಬ ವೇಗಿಯ ಊರು ಒಂದೇ ಅಕ್ಷರದೊಳಗೆ ಮಡಚಿಕೊಂಡು ಕೂತಿದೆ. ಸಿ.ಎಸ್. ಸಂತೋಷ್, ಅಂದರೆ ಚುಂಚನಗುಪ್ಪೆ ಶಿವಶಂಕರ್ ಸಂತೋಷ್. 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಮೋಟೊಕ್ರಾಸ್ ಬೈಕ್ ರೇಸಿನಲ್ಲಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್. 2015ರಲ್ಲಿ, ಮರಳುಗಾಡು ದಾಟುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಸ್ಥಾನ 36.

ಶ್ರೀನಾಥರ 315 ಏಕದಿನ ವಿಕೆಟ್‌ಗಳಿಗೆ ಜಾವಗಲ್ಲಿನ ಯಾವ ಟೀ ಅಂಗಡಿಯಲ್ಲೂ ಟೀಕೆ ಟಿಪ್ಪಣಿ ಬೇಡ. ಆದರೆ 36 ಎಂದು ಹೇಳಿ ನೋಡಿ: “ಹಂಗಾರೆ ಮುಂದ್ಗಡೆ ಮೂವತ್ತೈದು ಜನ ಹೋದ್ರಾ?” ನ್ಯಾಯವಾದ ಪ್ರಶ್ನೆಯೇ. ‘ಮೊದಲ ಭಾರತೀಯ’ ಎಂಬ ಬಿರುದು ಕೊಟ್ಟು ನಾವು ಅದರಿಂದ ನುಣುಚಿಕೊಂಡೆವು.

ಹೋದರು. ಆದರೆ ಹೊರಟವರಲ್ಲಿ ಸುಮಾರು ಅರ್ಧದಷ್ಟು ಜನ ಕೊನೆ ಮುಟ್ಟಲೇ ಇಲ್ಲ. ಆ ವರ್ಷದ ಹಾದಿ ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳ ಮೇಲೆ, ಎರಡು ವಾರ. ಉಯುನಿಯ ಉಪ್ಪಿನ ಬಯಲಿನಲ್ಲಿ ಮಳೆನೀರು ನಿಂತು, ದೊಡ್ಡ ತಂಡಗಳ ಬೈಕುಗಳೂ ಉಪ್ಪುನೀರು ಕುಡಿದು ಕೆಟ್ಟವು. ಅಲ್ಲಿ ಬರೀ ವೇಗ ಸಾಲದು, ಓದಲು ಬರಬೇಕು. ಆಗ ಹ್ಯಾಂಡಲಿನ ಮೇಲೆ ಸುರುಳಿ ಸುತ್ತಿದ ಕಾಗದ ಇರುತ್ತಿತ್ತು, ಅದರಲ್ಲಿ ದೂರ, ದಿಕ್ಕಿನ ಡಿಗ್ರಿ, ಅಪಾಯದ ಗುರುತುಗಳು. ಅದಕ್ಕೆ ರೋಡ್‌ಬುಕ್ ಎನ್ನುತ್ತಾರೆ. ನಮ್ಮಲ್ಲಿ ಹಳೇಬೀಡಿನ ದಾರಿ ಕೇಳಿದರೆ ಕೈ ತೋರಿಸಿ ‘ಇಲ್ಲೇ’ ಅನ್ನುತ್ತಾರೆ. ತಪ್ಪಿದರೆ ಮುಂದೆ ಇನ್ನೊಬ್ಬರು ಸಿಗುತ್ತಾರೆ. ಮರಳುಗಾಡಿನಲ್ಲಿ ಕೇಳಲು ಯಾರಿದ್ದಾರೆ?

ಮೋಟೊಕ್ರಾಸ್ ಎಂದರೆ ಸಣ್ಣ ಸುತ್ತು, ಕಣ್ಣಿಗೆ ಬೀಳುವ ಎದುರಾಳಿ, ಬಿಚ್ಚಿ ಓಡಿಸುವ ಆಟ. ಅದರಲ್ಲಿ ಪಳಗಿದ ಕೈಗೆ ತಡೆದು ಓಡಿಸುವುದೇ ಕಷ್ಟದ ಪಾಠ. ಆ ಪಾಠದ ನಡುವೆಯೇ, 2013ರ ಅಬುಧಾಬಿ ರ‍್ಯಾಲಿಯಲ್ಲಿ ಬೈಕಿಗೆ ಬೆಂಕಿ ಹತ್ತಿ ಸಂತೋಷ್ ಕುತ್ತಿಗೆ ಸುಟ್ಟುಕೊಂಡರು. ಎರಡೇ ವರ್ಷದಲ್ಲಿ ಡಕಾರ್ ಮುಗಿಸಿದ್ದು ಹುಚ್ಚೋ ಶಿಸ್ತೋ ಎಂದರೆ ನಾನು ಶಿಸ್ತಿನ ಕಡೆ.

ಹಾಗೆಂದು ಲೆಕ್ಕ ಮುಚ್ಚಿಡಬಾರದು. ಏಳು ಡಕಾರ್‌ಗಳಲ್ಲಿ ಮುಗಿಸಿದ್ದು ಮೂರು: 36, 47, 34. 2016ರಲ್ಲಿ ಸುಜುಕಿ ಬೈಕಿನ ಓಟ ಅರ್ಧಕ್ಕೇ ನಿಂತಿತು, 2019ರಲ್ಲಿ ಬಿದ್ದರು. 2020ರಲ್ಲಿ ಜೊತೆಗಾರ ಪಾಲೊ ಗೊನ್ಸಾಲ್ವೆಸ್ ಓಟದಲ್ಲೇ ತೀರಿಕೊಂಡಾಗ ಇಡೀ ತಂಡ ಹಿಂದೆ ಸರಿಯಿತು. 2021ರಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದ ಸಂತೋಷರನ್ನು ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿಡಬೇಕಾಯಿತು. ಅದೇ ರ‍್ಯಾಲಿಯಲ್ಲಿ ಕೇರಳದ ಹರಿತ್ ನೋವಾ 20ನೆಯವರಾದರು, 2024ರಲ್ಲಿ 11ನೆಯವರು. ಸಂತೋಷರಿಗೆ ಆ ಏರು ಸಿಗಲಿಲ್ಲ. ಮೂವತ್ತು ದಾಟಿದ ಮೇಲೆ ಡಕಾರ್‌ಗೆ ಇಳಿದದ್ದು ಒಂದು ಕಾರಣವಿರಬಹುದು. 

ನನ್ನನ್ನು ಕೇಳಿದರೆ ಅವರ ಒಳ್ಳೆಯ ಓಟ 2015ರದ್ದಲ್ಲ, ಪಟ್ಟಿಯಲ್ಲಿ ಕೆಳಗಿರುವ 47. ಅದು 2017. ಅವರು ಸೇರಿದ್ದ ಹೀರೊ ತಂಡಕ್ಕೆ ಅದು ಮೊದಲ ಡಕಾರ್, ಬೈಕ್ ಜರ್ಮನಿಯ ಸ್ಪೀಡ್‌ಬ್ರೇನ್ ಜೊತೆ ಸೇರಿ ಕಟ್ಟಿದ್ದು. ಬೊಲಿವಿಯಾದಲ್ಲಿ ಮಳೆ ಹಿಡಿದು ಒಂದು ದಿನದ ಓಟವನ್ನೇ ರದ್ದು ಮಾಡಿದರು. ಹೊಸ ತಂಡಕ್ಕೆ ಅಂಥ ವರ್ಷ ಸ್ಥಾನಕ್ಕಿಂತ ಬೇಕಾದದ್ದು ಬೈಕು ಮನೆ ಸೇರುವುದು. ಪೋರ್ಚುಗಲ್‌ನ ಜೊತೆಗಾರ ಜೋಕಿಂ ರಾಡ್ರಿಗಸ್ ಹತ್ತನೆಯವರಾದರು, ಸಂತೋಷ್ ನಿಧಾನಕ್ಕೆ ಹಿಂದೆ ಬಂದರು. ಎರಡೂ ಬೈಕುಗಳು ಕೊನೆ ಮುಟ್ಟಿದವು.