ಮಡಿಲ ಪುಸ್ತಕ ಮತ್ತು ಮನೆಯ ಪಾಠ



ಅಂಗಡಿಯಲ್ಲಿ ಕೆಲವೇ ರೂಪಾಯಿಗಳಿಗೆ ದೊರಕುವ ದಪ್ಪ ಕಾಗದದ ಹಾಳೆಯೊಂದರ ಎರಡೂ ಅಂಚುಗಳನ್ನು ನಡುವಿಗೆ ಮಡಿಸಿದರೆ, ಕಿಟಕಿಯ ಬಾಗಿಲುಗಳಂತೆ ತೆರೆದುಕೊಳ್ಳುವ ಹೊದಿಕೆಯೊಂದು ಸಿದ್ಧವಾಗುತ್ತದೆ. ಅದರೊಳಗೆ ಮಕ್ಕಳು ತಾವೇ ಕತ್ತರಿಸಿ, ಮಡಿಸಿ, ಬರೆದು ಅಂಟಿಸಿದ ಪುಟಾಣಿ ಪುಸ್ತಕಗಳಿರುತ್ತವೆ. ಒಂದಕ್ಕೆ ಎತ್ತಿ ನೋಡುವ ಮುಚ್ಚಳ, ಇನ್ನೊಂದಕ್ಕೆ ತಿರುಗುವ ಚಕ್ರ, ಮತ್ತೊಂದಕ್ಕೆ ಚೀಟಿಗಳನ್ನಿಡುವ ಜೇಬು. ಇಡೀ ಹೊತ್ತಗೆಯನ್ನು ಮಡಿಲಲ್ಲಿಟ್ಟುಕೊಂಡು ಓದಬಹುದಾದ್ದರಿಂದ ಅದಕ್ಕೆ ‘ಲ್ಯಾಪ್‌ಬುಕ್’ ಎಂದೂ ಒಳಗಿನವುಗಳಿಗೆ ‘ಮಿನಿಬುಕ್’ ಎಂದೂ ಹೆಸರು. ಮಕ್ಕಳಿಗೆ ಮನೆಯಲ್ಲೇ ವಿದ್ಯೆ ಕಲಿಸುವ ಅಮೆರಿಕದ ಕುಟುಂಬಗಳಲ್ಲಿ ಇದು ಬಹು ಜನಪ್ರಿಯ ವಿಧಾನ. ಚರಿತ್ರೆಯ ಪಾಠಕ್ಕೂ ಬೈಬಲ್ ಪಾಠಕ್ಕೂ ಅಲ್ಲಿ ಇದನ್ನು ಧಾರಾಳವಾಗಿ ಬಳಸುತ್ತಾರೆ. ಇದನ್ನು ಸರ್ವರೋಗಪರಿಹಾರವೆಂಬಂತೆ ಹೊಗಳುವವರಿದ್ದಾರೆ; ಕತ್ತರಿ-ಗೋಂದಿನ ಆಟವೆಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ಅವಸರದ ತೀರ್ಪುಗಳು.

ಚಿನಕುರಳಿಯಂತಹ ಊರಿನಲ್ಲಿ ಮನೆಶಾಲೆಯ ಮಾತೇಕೆ ಎಂದು ನೀವು ಕೇಳಬಹುದು. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ನಮ್ಮ ಕುಟುಂಬಗಳು ಮಕ್ಕಳನ್ನು ಶಾಲೆಗೆ ಕಳಿಸುತ್ತವೆ, ಕಳಿಸಲೂ ಬೇಕು. ಆದರೆ ವಿಶ್ವಾಸದ ಮೊದಲ ಶಾಲೆ ಮನೆಯೇ. ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಯರೇ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣವನ್ನು ಕುರಿತ ೧೯೬೫ರ ತನ್ನ ಘೋಷಣೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ೨೦೨೦ರಲ್ಲಿ ಶಾಲೆಗಳೂ ದೇವಾಲಯಗಳೂ ಬಾಗಿಲು ಮುಚ್ಚಿದಾಗ, ಈ ಹೊಣೆಯನ್ನು ನಾವು ಎಷ್ಟರಮಟ್ಟಿಗೆ ಪರರಿಗೆ ವಹಿಸಿಕೊಟ್ಟಿದ್ದೆವು ಎಂಬುದು ಮನೆಮನೆಗೂ ತಿಳಿಯಿತು. ಆದಕಾರಣ ಮನೆಯ ಪಾಠದ ಸಾಧನವೊಂದನ್ನು ಪರಿಶೀಲಿಸುವುದು ಅಪ್ರಸ್ತುತವಲ್ಲ.

ಮಡಿಸುವ ಪುಸ್ತಕ ನಮಗೆ ತೀರ ಹೊಸದೂ ಅಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ‘ಕಡತ’ ಕನ್ನಡ ನಾಡಿನ ಹಳೆಯ ಸಂಪತ್ತು. ಲೆಕ್ಕಪತ್ರಗಳೂ ಸ್ಥಳಚರಿತ್ರೆಗಳೂ ಅದರಲ್ಲಿ ಉಳಿದುಬಂದಿವೆ. ಇನ್ನು, ಮಗು ಕೈಯಿಂದ ಮಾಡಿ ಕಲಿಯಬೇಕೆಂಬ ತತ್ತ್ವಕ್ಕೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ ಆರಂಭವಾದ ‘ನಲಿ-ಕಲಿ’ಯೇ ನಿದರ್ಶನ. ಕಾರ್ಡುಗಳ, ಕಲಿಕೆಯ ಏಣಿಯ ಆ ಪ್ರಯೋಗ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಹೀಗಿರುವಾಗ ಹೆಸರು ಪರದೇಶದ್ದೆಂಬ ಮಾತ್ರಕ್ಕೆ ಲ್ಯಾಪ್‌ಬುಕ್ಕನ್ನು ದೂರವಿಡಬೇಕಿಲ್ಲ.

ಆದರೆ ಅದನ್ನು ಅಳೆಯುವ ಕೋಲು ಯಾವುದು? ಪವಿತ್ರ ಗ್ರಂಥವೇ ಅದನ್ನು ನಮಗೆ ಕೊಟ್ಟಿದೆ. ಯೆಹೋಶುವನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ತೆರೆಯಿರಿ. ಇಸ್ರಯೇಲರು ಜೋರ್ಡನ್ ನದಿಯನ್ನು ದಾಟಿದಾಗ ನದಿಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸುತ್ತಾರೆ. ಏಕೆ? ಮುಂದೊಂದು ದಿನ ಮಕ್ಕಳು ಅವುಗಳನ್ನು ಕಂಡು ಇವು ಏನೆಂದು ತಂದೆಯರನ್ನು ಕೇಳಲಿ, ಆಗ ತಂದೆಯರು ನಡೆದದ್ದನ್ನು ಹೇಳಲಿ ಎಂದು. ವಿಮೋಚನಾಕಾಂಡದಲ್ಲಿ ಪಾಸ್ಕ ಭೋಜನದ ಆಚರಣೆಯೂ ಹೀಗೆಯೇ: ಮಗು ಕೇಳುತ್ತದೆ, ಹಿರಿಯರು ಉತ್ತರಿಸುತ್ತಾರೆ. ಗಮನಿಸಿ, ಕಲ್ಲು ತಾನೇ ಕಥೆ ಹೇಳುವುದಿಲ್ಲ. ಅದು ಪ್ರಶ್ನೆಯನ್ನು ಎಬ್ಬಿಸುತ್ತದೆ, ಅಷ್ಟೆ. ಉತ್ತರ ತಂದೆಯ ಬಾಯಿಂದ ಬರಬೇಕು. ಲ್ಯಾಪ್‌ಬುಕ್ಕಿನ ಮುಚ್ಚಳವೂ ಅಂತಹ ಕಲ್ಲಾದರೆ ಧನ್ಯ. ಪ್ರಶ್ನೆಯನ್ನು ಎಬ್ಬಿಸುವ ಬದಲು ಮುಗಿಸಿಬಿಟ್ಟರೆ ಅದು ಬರಿಯ ಕಾಗದ.

ಈ ಕೋಲಿನಿಂದ ಅಳೆದರೆ ಸಿದ್ಧ ಮಾದರಿಗಳಲ್ಲಿ ಹಲವು ಸೋಲುತ್ತವೆ. ಐಗುಪ್ತದ ಹತ್ತು ಪಿಡುಗುಗಳಿಗೆ ಹತ್ತು ಭಾಗಗಳ ಚಕ್ರವೊಂದನ್ನು ಮಾಡಿಸುವುದುಂಟು. ಮಗು ತಿರುಗಿಸುತ್ತದೆ, ಕಪ್ಪೆ, ನೊಣ, ಮಿಡತೆ, ಕತ್ತಲೆ ಎಲ್ಲವೂ ಕಂಠಪಾಠ. ಆದರೆ ಉರಿಯುವ ಪೊದೆಯಿಂದ ಮಾತನಾಡಿದ ದೇವರು ಗುಲಾಮರ ಗೋಳನ್ನು ಕೇಳಿ ಇಳಿದುಬಂದವರು ಎಂಬುದಕ್ಕೆ ಆ ಚಕ್ರದಲ್ಲಿ ಸ್ಥಳವೇ ಇಲ್ಲ. ಫರೋಹನ ಆಜ್ಞೆಯನ್ನು ಮೀರಿ ಹಸುಗೂಸುಗಳನ್ನು ಉಳಿಸಿದ ಶಿಪ್ರಾ ಮತ್ತು ಪೂಗಾ ಎಂಬ ಸೂಲಗಿತ್ತಿಯರಿಗೂ ಇಲ್ಲ. ಪಿಡುಗುಗಳು ಉಳಿದವು, ವಿಮೋಚನೆ ಜಾರಿಹೋಯಿತು. ಅಚ್ಚಾದ ಚಿತ್ರಗಳನ್ನು ತಂದು ಅಂಟಿಸುವಾಗ ತಪ್ಪುಗಳೂ ಅಂಟಿಕೊಳ್ಳುತ್ತವೆ. ಆದಿಕಾಂಡವು ಹಣ್ಣೆಂದು ಮಾತ್ರ ಹೇಳುವಲ್ಲಿ ಚಿತ್ರ ಸೇಬನ್ನು ತೋರಿಸುತ್ತದೆ. ಮತ್ತಾಯನು ಜ್ಞಾನಿಗಳ ಸಂಖ್ಯೆಯನ್ನು ಹೇಳುವುದಿಲ್ಲ, ಚಿತ್ರದಲ್ಲಿ ಮೂವರು ಕಿರೀಟಧಾರಿ ಅರಸರಿರುತ್ತಾರೆ. ಸಂಪ್ರದಾಯದ ಚಿತ್ರಗಳಿಗೆ ತಮ್ಮದೇ ಸೊಬಗಿದೆ, ನಿಜ. ಆದರೆ ಗ್ರಂಥ ಏನು ಹೇಳುತ್ತದೆ, ಚಿತ್ರ ಏನು ಸೇರಿಸಿದೆ ಎಂಬ ವಿವೇಕ ಮಗುವಿಗೆ ಬರಬೇಕಾದರೆ ಕತ್ತರಿಗಿಂತ ಮೊದಲು ಬೈಬಲ್ ತೆರೆಯಬೇಕು.

ಮಡಿಕೆಯ ರೂಪಕ್ಕೂ ಪಾಠದ ತಿರುಳಿಗೂ ಹೊಂದಿಕೆ ಇರಬೇಕೆಂಬುದು ಇನ್ನೊಂದು ಮಾತು. ಕಡತದಂತೆ ಬಿಚ್ಚಿಕೊಳ್ಳುವ ಮಡಿಕೆಯು ಪ್ರಯಾಣಕ್ಕೆ ಒಪ್ಪುತ್ತದೆ: ಅಬ್ರಹಾಮನ ಪಯಣ, ಪೌಲನ ಯಾತ್ರೆಗಳು. ತಿರುಗುವ ಚಕ್ರವು ಮರಳಿ ಮರಳಿ ಬರುವ ಆಗಮನಕಾಲ, ತಪಸ್ಸುಕಾಲ, ಪಾಸ್ಕ ಕಾಲಗಳ ಪೂಜಾವರ್ಷಕ್ಕೆ ಒಪ್ಪುತ್ತದೆ. ಲೂಕನ ಹದಿನೈದನೆಯ ಅಧ್ಯಾಯದ ಸಾಮತಿಗೆ ಮೂರು ಮುಚ್ಚಳಗಳು ಸಾಕು: ಕಿರಿಯ ಮಗ, ತಂದೆ, ಹಿರಿಯ ಮಗ. ಮೂರನೆಯದರ ಒಳಗೆ ಏನು ಬರೆಯುವುದು? ಹಿರಿಯ ಮಗ ಕೊನೆಗೆ ಮನೆಯೊಳಗೆ ಬಂದನೇ ಇಲ್ಲವೇ ಎಂಬುದನ್ನು ಪ್ರಭು ಹೇಳಲಿಲ್ಲ. ಆ ಮುಚ್ಚಳದ ಒಳಭಾಗ ಖಾಲಿಯಾಗಿಯೇ ಇರಲಿ. ಊಟದ ಹೊತ್ತಿನಲ್ಲಿ ಮಗು ಅದನ್ನೆತ್ತಿ ತೋರಿಸಿ ಕೇಳಿದರೆ ಅದೇ ಅಂದಿನ ಧರ್ಮೋಪದೇಶ.

ಚರಿತ್ರೆಯ ಪಾಠದಲ್ಲಿ ಅಪಾಯ ಇನ್ನೂ ಹೆಚ್ಚು. ಚಿನಕುರಳಿಯ ಮಗುವಿಗೆ ಚರಿತ್ರೆ ದೂರದ್ದಲ್ಲ. ತಾಲ್ಲೂಕು ಕೇಂದ್ರವಾದ ಪಾಂಡವಪುರದ ಹಿಂದಿನ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರ ಬೀಡಿನಿಂದಾಗಿ ಅದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂದಿತ್ತು. ಒಂದರ ಮೇಲೊಂದು ಮೂರು ಪದರಗಳ ಪುಟಾಣಿ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಆದರೆ ಶ್ರೀರಂಗಪಟ್ಟಣಕ್ಕೆ ಬಂದಾಗ ಕೈ ತಡೆಯಬೇಕು. ಟಿಪ್ಪು ಸುಲ್ತಾನನ ಚಿತ್ರದ ಮುಚ್ಚಳವನ್ನೆತ್ತಿದರೆ ಒಳಗೆ ಒಂದೇ ಪದ: ಕೆಲವರ ಮನೆಯಲ್ಲಿ ‘ವೀರ’, ಕೆಲವರ ಮನೆಯಲ್ಲಿ ‘ಕ್ರೂರಿ’. ಒಂದು ಮುಚ್ಚಳ, ಒಂದು ಉತ್ತರ ಎಂಬ ರೂಪವೇ ಇಲ್ಲಿ ಮಗುವಿಗೆ ಅನ್ಯಾಯ ಮಾಡುತ್ತದೆ.

ಇಲ್ಲಿ ಬೇಕಾದದ್ದು ಜೇಬುಗಳು. ಒಂದರಲ್ಲಿ, ೧೭೮೪ರಲ್ಲಿ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದ ಸಂಗತಿ ಇರಲಿ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು; ಉಳಿದವರಿಗೆ ಬಿಡುಗಡೆಯಾದದ್ದು ೧೭೯೯ರಲ್ಲಿ. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ ಎಂಬುದನ್ನೂ ಆ ಚೀಟಿಯಲ್ಲಿ ಬರೆಯಿರಿ. ಎರಡನೆಯದರಲ್ಲಿ, ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿಯನ್ನು ಹಬ್ಬವಾಗಿ ಆಚರಿಸದೆ ಹೊತ್ತುಬಂದಿರುವ ನೋವಿನ ನೆನಪು. ಮೂರನೆಯದರಲ್ಲಿ, ೧೭೯೧ರಲ್ಲಿ ಮರಾಠಾ ದಂಡಿನ ದಾಳಿಗೆ ತುತ್ತಾದ ಶೃಂಗೇರಿ ಮಠಕ್ಕೆ ಟಿಪ್ಪು ನೆರವು ನೀಡಿ ಬರೆಸಿದ ಕನ್ನಡ ಪತ್ರಗಳು; ಅವು ೧೯೧೬ರಲ್ಲಿ ಬೆಳಕಿಗೆ ಬಂದವು. ನಾಲ್ಕನೆಯದರಲ್ಲಿ, ೧೭೯೨ರ ಒಪ್ಪಂದದಂತೆ ಇಂಗ್ಲಿಷರಿಗೆ ಒತ್ತೆಯಾಗಿ ಒಪ್ಪಿಸಲಾದ ಅವನ ಇಬ್ಬರು ಎಳೆಯ ಮಕ್ಕಳು. ಮಗು ಒಂದೊಂದೇ ಚೀಟಿಯನ್ನು ತೆಗೆದು ಓದಲಿ. ಎಲ್ಲವೂ ಒಂದೇ ಕಾಲದ, ಒಂದೇ ನಾಡಿನ ಸಂಗತಿಗಳು. ಯಾವುದನ್ನೂ ಮರೆಮಾಚಬೇಡಿ. ನಮ್ಮ ಹಿರಿಯರ ಕಷ್ಟವನ್ನು ನೆನೆಯುವುದು ನಮ್ಮ ಕರ್ತವ್ಯ. ಆದರೆ ನೆನಪಿನ ಕಲ್ಲನ್ನು ನೆರೆಮನೆಯ ಮೇಲೆ ಎಸೆಯಲು ಕಲಿಸುವುದು ಕ್ರೈಸ್ತ ಶಿಕ್ಷಣವಲ್ಲ.

ಐದನೆಯ ಜೇಬೊಂದನ್ನು ಫಾದರ್ ದ್ಯುಬುವಾ ಅವರಿಗಾಗಿ ಇಡಿ. ೧೭೯೯ರ ನಂತರ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಲು ಶ್ರೀರಂಗಪಟ್ಟಣಕ್ಕೆ ಬಂದ ಈ ಫ್ರೆಂಚ್ ಧರ್ಮಪ್ರಚಾರಕರು ನಮ್ಮ ಜನರಂತೆಯೇ ಉಟ್ಟು, ಉಂಡು, ಅವರ ನಡುವೆ ಬಾಳಿದರು. ಸೆರೆಯಿಂದ ಬಂದವರಿಗೆ ಅವರು ಸೇಡಿನ ಪಾಠ ಹೇಳಲಿಲ್ಲ. ಬೇಸಾಯದ ನೆಲೆಗಳನ್ನು ಕಟ್ಟಿಕೊಟ್ಟರು. ಜೆನ್ನರ್ ಕಂಡುಹಿಡಿದ ಸಿಡುಬಿನ ಲಸಿಕೆ ಆಗಿನ್ನೂ ಹೊಸದು. ಅದನ್ನು ಮೈಸೂರು ಸೀಮೆಯಲ್ಲಿ ಹರಡಲು ಶ್ರಮಿಸಿದರು. ೧೮೨೩ರಲ್ಲಿ ಅವರು ಭಾರತವನ್ನು ಬಿಟ್ಟು ಹೋದರು. ಶ್ರೀರಂಗಪಟ್ಟಣದಲ್ಲಿ ಇಂದಿಗೂ ಅವರ ಹೆಸರಿನಿಂದ ಕರೆಯಲ್ಪಡುವ ದೇವಾಲಯವಿದೆ. ಮಗುವನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಅದೇ ದಿನ ದರಿಯಾ ದೌಲತ್ತಿನ ಗೋಡೆಯ ಚಿತ್ರಗಳನ್ನೂ ರಂಗನಾಥನ ಗುಡಿಯನ್ನೂ ತೋರಿಸಿ. ಅಂಟಿಸಿದ ಚಿತ್ರಕ್ಕಿಂತ ಕಣ್ಣಾರೆ ಕಂಡ ಗೋಡೆ ಹೆಚ್ಚು ಪ್ರಶ್ನೆಗಳನ್ನು ಎಬ್ಬಿಸುತ್ತದೆ.

ಹಾಗಾದರೆ ಈ ವಿಧಾನ ಬೇಕೋ ಬೇಡವೋ? ಬೇಕು, ಕೆಲವು ಎಚ್ಚರಗಳೊಡನೆ. ದುಬಾರಿ ಸಾಮಗ್ರಿ ಬೇಡ. ಹಳೆಯ ಕ್ಯಾಲೆಂಡರಿನ ಹಿಂಬದಿ, ಮದುವೆಯ ಕರೆಯೋಲೆಯ ದಪ್ಪ ಕಾಗದ ಸಾಕು. ಮಗುವಿನ ಕೆಲಸವನ್ನು ತಾಯಿ ಮಾಡಿ ಅಂದಗೊಳಿಸಬಾರದು. ಸೊಟ್ಟ ಅಕ್ಷರ ಸೊಟ್ಟವಾಗಿಯೇ ಇರಲಿ. ಇದನ್ನು ಸ್ಪರ್ಧೆಯ, ಬಹುಮಾನದ ವಸ್ತುವಾಗಿಸಿದರೆ ಮಗುವಿನ ಗಮನ ಪಾಠವನ್ನು ಬಿಟ್ಟು ಹೊಳಪಿನ ಕಾಗದದತ್ತ ಹೋಗುತ್ತದೆ. ಅಕ್ಷರ ಬಾರದ ಅಜ್ಜಿಯೂ ಇಲ್ಲಿ ಗುರುವಾಗಬಲ್ಲಳು: ಕನ್ನಂಬಾಡಿ ಕಟ್ಟೆ ಕಟ್ಟುವಾಗ ನೀರಿನಡಿ ಹೋದ ಊರುಗಳ ಬಗ್ಗೆ ತನ್ನ ಹಿರಿಯರಿಂದ ಅವಳು ಕೇಳಿದ್ದನ್ನು ಮಗು ಬರೆದುಕೊಂಡರೆ ಅದೂ ಒಂದು ಪುಟಾಣಿ ಚರಿತ್ರೆ.

‘ಚಿನಕುರಳಿ’ ಎಂದರೆ ಪುಟ್ಟ ಪಟಾಕಿಯೂ ಹೌದು. ಪ್ರಜಾವಾಣಿಯ ಪುಟ್ಟ ವ್ಯಂಗ್ಯಚಿತ್ರಕ್ಕೂ ಅದೇ ಹೆಸರು. ಅಂಗೈಯಗಲದ ಕಾಗದದಿಂದಲೂ ಕಿಡಿ ಹಾರಬಹುದು, ಹತ್ತಿಸುವವರು ಬೇಕು. ಈ ಬೇಸಿಗೆಯ ರಜೆಯಲ್ಲಿ ವಾರಕ್ಕೊಂದು ಸಂಜೆ ದೂರದರ್ಶನವನ್ನು ಆರಿಸಿ, ಮಕ್ಕಳೊಡನೆ ಬೈಬಲಿನ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ. ಆಮೇಲೆ ಒಂದು ಹಾಳೆಯನ್ನು ಮಡಿಸಿ, ಮುಚ್ಚಳದ ಮೇಲೆ ಮಗುವಿನ ಪ್ರಶ್ನೆಯನ್ನು ಮಗುವೇ ಬರೆಯಲಿ. ಉತ್ತರ ನಿಮಗೆ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ಆ ಹಾಳೆಯನ್ನು ಭಾನುವಾರದ ಬಲಿಪೂಜೆಗೆ ಬರುವಾಗ ತನ್ನಿ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಅದಕ್ಕಿಂತ ಸಂತೋಷದ ಕಾಣಿಕೆ ಇರಲಾರದು.